ಒಬ್ಬನೇ ಯಾಕೆ ಇಷ್ಟೊಂದು ಡ್ರಮ್ ಬಾರಿಸ್ತಾನೆ?

(1/7)
ನಮ್ಮ ಸೂಲಿಬೆಲೆ ಕಡೆ ಯಾವುದಾದರೂ ಊರಹಬ್ಬದ ಮೆರವಣಿಗೆ ನೆನಪು ಮಾಡ್ಕೊಳ್ಳಿ. ತಮಟೆಯವರು ಆರೇಳು ಜನ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತಮಟೆ. ಡೋಲು ಇದ್ದರೆ ಅದಕ್ಕೆ ಬೇರೆ ಆಳು, ತಾಳಕ್ಕೆ ಬೇರೆ ಆಳು. ಅದೇ ರಾತ್ರಿ ಆರ್ಕೆಸ್ಟ್ರಾ ಸ್ಟೇಜ್ ನೋಡಿ. ಒಬ್ಬನೇ ಕೂತ್ಕೊಂಡು ಎರಡು ಕೈ, ಎರಡು ಕಾಲಲ್ಲಿ ಐದು ಡ್ರಮ್ಮು, ಮೂರು ಸಿಂಬಲ್ಲು ಸಂಭಾಳಿಸ್ತಾನೆ. ಯಾಕೆ?

"ಬ್ಯಾಂಡ್‌ಗೆ ಡ್ರಮ್ ಸೆಟ್ ತಗೋಬೇಕು, ಪ್ರೋಗ್ರಾಮ್‌ಗೂ ಆಗ್ಬೇಕು, ರೆಕಾರ್ಡಿಂಗ್‌ಗೂ ಆಗ್ಬೇಕು, ಯಾವುದು ಒಳ್ಳೇದು?" ಅನ್ನೋರಿಗೆಲ್ಲ ಉತ್ತರ ಈ ಪ್ರಶ್ನೆಯೊಳಗೇ ಇದೆ. ಸೆಟ್‌ನ ಒಂದೊಂದು ಭಾಗವೂ ಯಾವುದೋ ಒಂದು ಕಷ್ಟಕ್ಕೆ ಯಾರೋ ಕಂಡುಕೊಂಡ ದಾರಿ. ಆ ಕಷ್ಟ ನಿಮಗೂ ಇದೆಯಾ ಅಂತ ಗೊತ್ತಾದರೆ ಅರ್ಧ ಆಯ್ಕೆ ಮುಗೀತು. ಕಂಪನಿ ಹೆಸರು ಆಮೇಲೆ.

(2/7) ಕಾಲಿಗೆ ಬಿದ್ದ ಕೆಲಸ
19ನೇ ಶತಮಾನದ ಅಮೆರಿಕದಲ್ಲೂ ಲೆಕ್ಕ ನಮ್ಮ ಮೆರವಣಿಗೆಯ ಥರಾನೇ ಇತ್ತು. ಬ್ಯಾಂಡ್‌ನಲ್ಲಿ ಬೇಸ್ ಡ್ರಮ್‌ಗೆ ಒಬ್ಬ, ಸ್ನೇರ್‌ಗೆ ಒಬ್ಬ, ಸಿಂಬಲ್‌ಗೆ ಒಬ್ಬ. ಆದರೆ ಥಿಯೇಟರ್‌ಗಳಲ್ಲಿ ವಾದ್ಯದವರು ಕೂರೋ ಜಾಗ ಇಕ್ಕಟ್ಟು, ಮಾಲೀಕರ ಕೈ ಅದಕ್ಕಿಂತ ಬಿಗಿ. ಮೂರು ಜನರ ಕೆಲಸ ಒಬ್ಬನ ಮೇಲೆ ಬಿತ್ತು. ಅವನು ಮೊದಮೊದಲು ಒಂದೇ ಕೋಲಲ್ಲಿ ಬೇಸ್ ಡ್ರಮ್‌ಗೂ ಸ್ನೇರ್‌ಗೂ ಸರದಿ ಮೇಲೆ ಹೊಡೀತಿದ್ದ. ಆಮೇಲೆ ಬೇಸ್ ಡ್ರಮ್ಮನ್ನ ಕಾಲಿಗೆ ಒಪ್ಪಿಸಿದ.

ಕಾಲಿನ ಪೆಡಲ್‌ಗಳು ಮೊದಲೇ ಇದ್ದವು, ಆದರೆ ನಿಧಾನ. 1909ರಲ್ಲಿ ಶಿಕಾಗೋದ ವಿಲಿಯಂ ಲುಡ್ವಿಗ್ ವೇಗದ ಪಾಟಿಗೆ ಒಗ್ಗೋ ಪೆಡಲ್ ಮಾಡಿ, ತಮ್ಮನ ಜೊತೆ ಕಂಪನಿ ಶುರು ಮಾಡಿದ. 1920ರ ದಶಕದಲ್ಲಿ ಎಡಗಾಲಿಗೂ ಕೆಲಸ ಬಂತು. ಮೊದಲು ಪಾದದ ಹತ್ತಿರ ಬಡಿದುಕೊಳ್ಳೋ ಜೋಡಿ ಸಿಂಬಲ್, ಆ ದಶಕದ ಕೊನೆಗೆ ಅದೇ ಕೈಗೆಟುಕೋ ಎತ್ತರಕ್ಕೆ ಏರಿ ಹೈ-ಹ್ಯಾಟ್ ಆಯ್ತು. 1930ರ ದಶಕದಲ್ಲಿ ಜೀನ್ ಕ್ರೂಪಾ ಕೇಳಿದ್ದಕ್ಕೆ ಸ್ಲಿಂಗರ್‌ಲ್ಯಾಂಡ್ ಕಂಪನಿ ಮೇಲೂ ಕೆಳಗೂ ಶ್ರುತಿ ಮಾಡಬಹುದಾದ ಟಾಮ್ ಮಾಡಿಕೊಟ್ಟಿತು.

ಇದರಿಂದ ನಿಮಗೇನು? ಅಂಗಡಿಗೆ ಹೋದರೆ ಬಣ್ಣ ನೋಡೋ ಮುಂಚೆ ಪೆಡಲ್ ಮೇಲೆ ಕಾಲಿಡಿ. ಹತ್ತು ನಿಮಿಷ ಬಾರಿಸಿ. ಕೀಚಲು ಸದ್ದು, ಅಲ್ಲಾಟ, ತಡವಾಗಿ ವಾಪಸ್ ಬರೋದು ಇದ್ದರೆ ಬಿಟ್ಟುಬಿಡಿ. ಈ ವಾದ್ಯ ಹುಟ್ಟಿದ್ದೇ ಕಾಲಿಂದ ಕಣ್ರೋ.

(3/7) ಚರ್ಮ, ಮಳೆ, ಬೆಂಕಿ
ತಮಟೆಯವರು ಬಾರಿಸೋ ಮುಂಚೆ ಪೇಪರ್ರೋ ಹುಲ್ಲೋ ಹಚ್ಚಿ ಚರ್ಮ ಕಾಯಿಸೋದು ನೋಡಿರ್ತೀರ. ಅದು ಶಾಸ್ತ್ರಕ್ಕಲ್ಲ, ಶ್ರುತಿಗೆ. ಚರ್ಮ ಗಾಳಿಯ ತೇವ ಹೀರಿಕೊಂಡು ಸಡಿಲ ಆಗುತ್ತೆ, ಬಿಸಿ ತಾಗಿದರೆ ತೇವ ಹೋಗಿ ಬಿಗಿಯಾಗುತ್ತೆ. ಗಣೇಶನ ಹಬ್ಬದ ಮಳೆಗಾಲದಲ್ಲಿ ಅರ್ಧ ಗಂಟೆಗೊಂದು ಸಲ ಕಾಯಿಸಬೇಕಾದರೂ ಆಶ್ಚರ್ಯ ಇಲ್ಲ.

ಅಮೆರಿಕದ ಡ್ರಮ್ಮರ್‌ಗಳಿಗೂ ಇದೇ ಗೋಳು. ಅವರದು ಕರುವಿನ ಚರ್ಮ. 1950ರ ದಶಕದಲ್ಲಿ ಮೈಲಾರ್ ಅನ್ನೋ ಪಾಲಿಯೆಸ್ಟರ್ ಹಾಳೆ ಬಂದ ಮೇಲೆ ಚಿಕ್ ಇವಾನ್ಸ್, ರೆಮೋ ಬೆಲ್ಲಿ ಥರದವರು ಅದನ್ನೇ ಡ್ರಮ್‌ಗೆ ಹೊದಿಸಿದರು. 1957ರಲ್ಲಿ ಶುರುವಾದ ರೆಮೋ ಕಂಪನಿ ತನ್ನ ಹೆಡ್‌ಗೆ ಇಟ್ಟ ಹೆಸರು 'ವೆದರ್ ಕಿಂಗ್', ಅಂದ್ರೆ ಹವಾಮಾನಕ್ಕೆ ರಾಜ! ಈಗ ನಮ್ಮ ಕಡೆ ನಟ್ಟು ಬೋಲ್ಟಿನ ಫೈಬರ್ ತಮಟೆ ಬಂದಿರೋದೂ ಇದೇ ಕಾರಣಕ್ಕೆ. ಸದ್ದು ಜೋರು, ಬೆಂಕಿ ಬೇಡ. ಚರ್ಮದ ಆ ದಪ್ಪ ದನಿ ಮಾತ್ರ ಅದರಲ್ಲಿ ಇಲ್ಲ.

ಡ್ರಮ್ ಸೆಟ್‌ನಲ್ಲಿ ಅತಿ ಕಡಿಮೆ ದುಡ್ಡಲ್ಲಿ ಅತಿ ಹೆಚ್ಚು ಬದಲಾವಣೆ ತರೋದು ಹೆಡ್. ಒಂದೇ ಪದರದ್ದು ತೆರೆದ ದನಿ, ಹೆಚ್ಚು ಗುಂಯ್ ಅನ್ನುತ್ತೆ. ಎರಡು ಪದರದ್ದು ದಪ್ಪ ದನಿ, ಜೋರು ಹೊಡೆತ ತಡೆಯುತ್ತೆ. ಸಾಧಾರಣ ಸೆಟ್‌ಗೆ ಒಳ್ಳೆ ಹೆಡ್ ಹಾಕಿ ಶ್ರುತಿ ಮಾಡಿದರೆ, ಹಳೇ ಹೆಡ್ ಹಾಕಿದ ದುಬಾರಿ ಸೆಟ್‌ಗಿಂತ ಚೆನ್ನಾಗಿ ಕೇಳುತ್ತೆ.

(4/7) ಮರ ಮತ್ತು ಅಂಚು
ಮೃದಂಗಕ್ಕೆ ಹಲಸಿನ ಮರ ಹುಡುಕ್ತಾರಲ್ಲ, ಹಾಗೇ ಡ್ರಮ್ ಶೆಲ್‌ಗೂ ಮರದ ಲೆಕ್ಕ ಇದೆ. ತೆಳು ಪದರ ಅಂಟಿಸಿ ದುಂಡಗೆ ಬಾಗಿಸಿರ್ತಾರೆ. ಮೇಪಲ್ ಆದರೆ ಬೆಚ್ಚಗಿನ, ಸಮನಾದ ದನಿ. ಬರ್ಚ್ ಆದರೆ ಕೆಳಗಿನ, ಮೇಲಿನ ದನಿ ಎದ್ದು ಕಾಣುತ್ತೆ, ಮಧ್ಯದ್ದು ಕಡಿಮೆ. ಅದಕ್ಕೇ ರೆಕಾರ್ಡಿಂಗ್‌ನವರಿಗೆ ಅದು ಇಷ್ಟ. ಪಾಪ್ಲರ್ ಅಗ್ಗ, ಶುರು ಮಾಡೋರಿಗೆ ಧಾರಾಳವಾಗಿ ಸಾಕು.

ಮರಕ್ಕಿಂತ ಮುಖ್ಯ ಅಂಚು. ಹೆಡ್ ಕೂರೋದು ಅಲ್ಲೇ. ಸೆಕೆಂಡ್ ಹ್ಯಾಂಡ್ ನೋಡ್ತಿದ್ದರೆ ಹೆಡ್ ಬಿಚ್ಚಿಸಿ, ಶೆಲ್ಲನ್ನ ಮಟ್ಟವಾದ ಗ್ರಾನೈಟ್ ಕಲ್ಲಿನ ಮೇಲೆ ಮಗುಚಿ, ಒಳಗೆ ಮೊಬೈಲ್ ಟಾರ್ಚ್ ಹಾಕಿ. ಅಂಚಿನ ಕೆಳಗಿಂದ ಬೆಳಕು ಸೋರಿದರೆ ಆ ಡ್ರಮ್ ಶ್ರುತಿಗೆ ನಿಲ್ಲಲ್ಲ. ಯಾರು ಎಷ್ಟೇ ಹೊಗಳಲಿ, ಬೇಡ.

(5/7) ಕಂಚು
ಸಿಂಬಲ್ ಕಥೆ ಇನ್ನೂ ಹಳೇದು. ಆಗಿನ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. ಅಲ್ಲಿನ ಆರ್ಮೇನಿಯನ್ ಮನೆತನವೊಂದು ಸಿಂಬಲ್ ಮಾಡ್ತಿತ್ತು. ಜಿಲ್ಜನ್ ಕಂಪನಿ ತನ್ನ ಹುಟ್ಟು ಎಣಿಸೋದು 1623ರಿಂದ. ಅದು ಅಮೆರಿಕಕ್ಕೆ ನೆಲೆ ಬದಲಿಸಿದ್ದು 1929ರಲ್ಲಿ. ಒಳ್ಳೆ ಸಿಂಬಲ್‌ನ ಲೋಹ ನಮಗೆ ಹೊಸದೇನಲ್ಲ. ಸುಮಾರು 80 ಭಾಗ ತಾಮ್ರ, 20 ಭಾಗ ತವರ. ನಮ್ಮ ದೇವಸ್ಥಾನದ ಗಂಟೆಯ ಕಂಚೂ ಹೆಚ್ಚುಕಡಿಮೆ ಇದೇ ಪಾಕ.

ಅಗ್ಗದ ಸೆಟ್ ಜೊತೆ ಬರೋದು ಬಹುಪಾಲು ಹಿತ್ತಾಳೆ, ಅಂದ್ರೆ ತಾಮ್ರಕ್ಕೆ ಸತು ಬೆರೆಸಿದ್ದು. ಹೊಡೆದರೆ ತಟ್ಟೆ ಬಿದ್ದ ಸದ್ದು. ಡ್ರಮ್ ದನಿಯನ್ನ ಹೆಡ್ ಬದಲಿಸಿ ತಿದ್ದಬಹುದು, ಸಿಂಬಲ್ ದನಿ ತಿದ್ದೋಕಾಗಲ್ಲ. ಅದಕ್ಕೇ ಬಜೆಟ್ ಕಮ್ಮಿ ಇದ್ದರೆ ಶೆಲ್‌ನಲ್ಲಿ ಉಳಿಸಿ. ಸಿಂಬಲ್, ಸ್ನೇರ್, ಪೆಡಲ್ ಮೇಲೆ ಹಾಕಿ. ಇನ್ನೊಂದು, 'ಶೆಲ್ ಪ್ಯಾಕ್' ಅಂತ ಬರೆದಿದ್ದರೆ ಅದರಲ್ಲಿ ಸಿಂಬಲ್ ಇರಲ್ಲ, ಎಷ್ಟೋ ಸಲ ಸ್ಟ್ಯಾಂಡೂ ಇರಲ್ಲ. ಕೇಳಿ ತಗೊಳ್ಳಿ.

(6/7) ಸ್ಟೇಜೋ, ಸ್ಟುಡಿಯೋನೋ?
1964ರ ಫೆಬ್ರವರಿ 9. ಅಮೆರಿಕದ ಟಿವಿಯಲ್ಲಿ ಬೀಟಲ್ಸ್. ನೋಡಿದವರು ಸುಮಾರು 7.3 ಕೋಟಿ ಜನ. ರಿಂಗೋ ಸ್ಟಾರ್ ಮುಂದೆ ಇದ್ದದ್ದು ಬರೀ ನಾಲ್ಕು ಡ್ರಮ್‌ನ ಲುಡ್ವಿಗ್ ಸೆಟ್. ಬೇಸ್ ಡ್ರಮ್ 20 ಇಂಚು ಅಷ್ಟೆ. ಅಂದ್ರೆ ನಮ್ಮ ಕಲ್ಯಾಣ ಮಂಟಪಕ್ಕೆ 24 ಇಂಚಿನ ರಾಕ್ಷಸ ಬೇಕಿಲ್ಲ. ಆ ಹಾಲ್‌ಗಳು ಮೊದಲೇ ಗುಂಯ್‌ಗುಡ್ತವೆ. ಹೊಸಕೋಟೆಗೋ ದೇವನಹಳ್ಳಿಗೋ ಹೋಗೋ ಟಾಟಾ ಏಸ್‌ನಲ್ಲಿ ಗಿಟಾರು, ಸ್ಪೀಕರ್ ಜೊತೆ ಸೆಟ್ ಕೂರಬೇಕು. ಇಳಿಸಿ, ಜೋಡಿಸಿ, ಶ್ರುತಿ ಮಾಡೋಕೆ ಸಿಗೋದೇ ಸ್ವಲ್ಪ ಹೊತ್ತು. 20 ಇಂಚಿನ ಬೇಸ್, ಎರಡು ಟಾಮ್, ಒಂದು ಗಟ್ಟಿ ಸ್ನೇರ್ ಸಾಕು.

ರೆಕಾರ್ಡಿಂಗ್‌ಗೆ ಬೇಕಾದ್ದು ಜೋರಲ್ಲ, ಹಿಡಿತ. ಮೈಕ್ ಹತ್ತಿರ ಇಟ್ಟರೆ ಸಣ್ಣ ಗುಂಯ್ ಕೂಡ ದೊಡ್ಡದಾಗಿ ಕೇಳುತ್ತೆ. ರಿಂಗೋ ಡ್ರಮ್ ಮೇಲೆ ಅಡುಗೆಮನೆ ಬಟ್ಟೆ ಹಾಕಿ ರೆಕಾರ್ಡ್ ಮಾಡಿದ್ದ. ನಮ್ಮ ಮೃದಂಗದವರು ಎಡಮುಖಕ್ಕೆ ರವೆ ಹಿಟ್ಟು ಮೆತ್ತೋದು ನೋಡಿದ್ದೀರಲ್ಲ? ಅದೂ ಚರ್ಮದ ಮೇಲೆ ತೂಕ ಇಟ್ಟು ದನಿ ಪಳಗಿಸೋ ವಿದ್ಯೆಯೇ. ದುಬಾರಿ ಸಾಮಾನಿಗಿಂತ ಮುಂಚೆ ಹಳೇ ಟವಲ್ ಹಾಕಿ ನೋಡಿ.

ಇನ್ನು ಪ್ಯಾಡ್. 1985ರಲ್ಲಿ ರೋಲ್ಯಾಂಡ್ ಕಂಪನಿಯ ಆಕ್ಟೋಪ್ಯಾಡ್ ಬಂತು, ಎಂಟು ರಬ್ಬರ್ ಚೌಕ. ನಮ್ಮ ಆರ್ಕೆಸ್ಟ್ರಾಗಳು ಅದನ್ನ ಅಪ್ಪಿಕೊಂಡವು. ಒಂದು ಬ್ಯಾಗ್, ಒಂದು ವೈರ್, ಮೈಕ್ ಬೇಡ, ಮಳೆಗಾಲದಲ್ಲಿ ಶ್ರುತಿ ಸಡಿಲ ಆಗೋ ಹೆದರಿಕೆ ಇಲ್ಲ. ಡ್ರಮ್ಮು, ತಬಲ, ತಮಟೆ ಎಲ್ಲ ಅದರೊಳಗೇ. ತಿಂಗಳಿಗೆ ಹತ್ತು ಕಡೆ ಸಿನಿಮಾ ಹಾಡು ಬಾರಿಸೋರಿಗೆ ಇದೇ ಸರಿ ಅಂತ ನಾನೇ ಹೇಳ್ತೀನಿ.

(7/7) ಕೂಲಿ
ಈಗ ಮೊದಲ ಪ್ರಶ್ನೆಗೆ ಬನ್ನಿ. ಮೂರು ಜನರ ಕೆಲಸ ಒಬ್ಬನಿಂದ ಮಾಡಿಸಿ ಇಬ್ಬರ ಕೂಲಿ ಉಳಿಸೋಕೆ ಡ್ರಮ್ ಸೆಟ್. ತಮಟೆ ದನಿಯನ್ನ ಪ್ಯಾಡ್‌ಗೆ ತುಂಬಿದ್ದರಿಂದ ಏಳು ಜನರ ಕೂಲಿ ಉಳೀತು. ಹಾಗಾದರೆ ಆ ಏಳು ಜನ ಯಾರು?

ಹಳ್ಳಿಗಳಲ್ಲಿ ತಮಟೆ ಬಾರಿಸಿದ್ದು ದಲಿತರು. ಡಂಗೂರ ಸಾರೋದು, ಸಾವಿಗೆ ಬಾರಿಸೋದು, ಹಬ್ಬಕ್ಕೆ ಬಾರಿಸೋದು ಎಲ್ಲ ಹುಟ್ಟಿನಿಂದ ಬಂದ ಚಾಕರಿ. 'ಆಗಲ್ಲ' ಅನ್ನೋ ಹಕ್ಕೇ ಇರಲಿಲ್ಲ. 1950ರ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನ ನಿಷೇಧಿಸ್ತು. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯ ಕೆಲಸಗಳನ್ನ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕ್ತು. ಕಾಗದದಲ್ಲಿ ಹೋದದ್ದು ಊರಲ್ಲಿ ಅಷ್ಟು ಬೇಗ ಹೋಗಲಿಲ್ಲ. 1970ರ ದಶಕದ ದಲಿತ ಚಳವಳಿಯ ಕಾಲದಲ್ಲಿ ಕೆಲವರು "ಇನ್ಮೇಲೆ ಬಾರಿಸಲ್ಲ" ಅಂತ ತಮಟೆ ಕೆಳಗಿಟ್ಟರು. ಇನ್ನು ಕೆಲವರು ಅದೇ ತಮಟೆಯನ್ನ ಹೋರಾಟದ ಮೆರವಣಿಗೆಯ ಮುಂದೆ ಹಿಡಿದರು. ಎರಡೂ ಒಂದೇ ಮಾತು: ಬಾರಿಸೋದು ಬಿಡೋದು ನಮ್ಮಿಷ್ಟ.

2023ರಲ್ಲಿ ನಮ್ಮ ಪಕ್ಕದ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ತಮಟೆಗೆ! ಅದೇ ಚರ್ಮ, ಅದೇ ಕೋಲು. ಬದಲಾದದ್ದು ಬಾರಿಸೋನಿಗೆ ಸಿಕ್ಕ ಜಾಗ.

ಅದಕ್ಕೇ ಸೆಟ್ ಆರಿಸೋವಾಗ ಈ ಎರಡನ್ನೂ ಲಿಸ್ಟ್‌ಗೆ ಸೇರಿಸಿ. ಒಂದು, ನಿಮ್ಮ ರೇಟ್ ಮೊದಲೇ ಹೇಳಿ. "ಊಟ ಹಾಕ್ತೀವಿ, ಹೆಸರು ಬರುತ್ತೆ" ಅನ್ನೋದು ಕೂಲಿ ಅಲ್ಲ. ಎರಡು, ನಿಮ್ಮ ಹಾಡಿಗೆ ತಮಟೆ ಬೇಕಾದರೆ ಪ್ಯಾಡ್ ಒತ್ತೋ ಮುಂಚೆ ಊರಿನ ತಂಡವನ್ನ ಕರೀರಿ. ಸ್ನೇರ್ ಪಕ್ಕ ಮೈಕ್ ಇಡಿ, ಕಾಯಿಸೋಕೆ ಟೈಮ್ ಕೊಡಿ, ನಿಮ್ಮ ಡ್ರಮ್ಮರ್‌ಗೆ ಕೊಟ್ಟಷ್ಟೇ ಕೊಡಿ, ಹಾಡಿನ ಕೆಳಗೆ ಅವರ ಹೆಸರು ಹಾಕಿ. ಆ ಸದ್ದು ಯಾವ ಅಂಗಡಿಯಲ್ಲೂ ಸಿಗಲ್ಲ.

ಬ್ಯಾಂಡ್ ಕಟ್ಟೋ ಪ್ಲಾನ್ ಇರೋ ಫ್ರೆಂಡ್‌ಗೆ ಕಳಿಸಿ. ನಿಮ್ಮೂರಲ್ಲಿ ಚರ್ಮದ ತಮಟೆ ಇನ್ನೂ ಇದೆಯಾ, ಫೈಬರ್ ಬಂತಾ? ಕೆಳಗೆ ಬರೀರಿ.

#ಸೂಲಿಬೆಲೆ #ತಮಟೆ #ಡ್ರಮ್ಸ್ #ನಮ್ಮೂರಇತಿಹಾಸ