ಕೆರೆಬಂಡಿಯಿಂದ ತುಂಗಭದ್ರೆಯವರೆಗೆ: ಹೂಳೆತ್ತುವ ಹೊಣೆಯ ಚರಿತ್ರೆ

‘ಹೂಳು’ ಎಂಬುದು ಕನ್ನಡದಲ್ಲಿ ಕ್ರಿಯಾಪದವೂ ಹೌದು, ನಾಮಪದವೂ ಹೌದು. ಹಳಗನ್ನಡದ ‘ಪೂೞ್’ ಧಾತುವಿಗೆ ಮಣ್ಣಿನಲ್ಲಿ ಮುಚ್ಚು ಎಂದು ಅರ್ಥ. ನೀರಿನೊಡನೆ ಬಂದು ಕೆರೆಯ ಒಡಲನ್ನು ಮುಚ್ಚುವ ಮಣ್ಣಿಗೂ ಅದೇ ಹೆಸರು ನಿಂತಿದೆ. ಇದೇ ಮಣ್ಣನ್ನು ಬೇಸಿಗೆಯಲ್ಲಿ ತೆಗೆದು ಹೊಲಕ್ಕೆ ಹರಡಿದಾಗ ಹಳೆಯ ಮೈಸೂರಿನ ರೈತ ಅದನ್ನು ‘ಗೋಡು’ ಎಂದು ಕರೆದ. ಕೆರೆಯೊಳಗಿದ್ದಾಗ ಹೂಳು, ಹೊಲಕ್ಕೆ ಬಂದಾಗ ಗೋಡು. ಈ ಎರಡು ಪದಗಳ ನಡುವೆ ಒಂದು ಕೆಲಸವಿದೆ. ಆ ಕೆಲಸವನ್ನು ಯಾರು ಮಾಡಬೇಕು, ಅದಕ್ಕೆ ಪ್ರತಿಫಲವೇನು ಎಂಬ ಪ್ರಶ್ನೆಗೆ ನಮ್ಮ ಶಾಸನಗಳು ಏನು ಹೇಳುತ್ತವೆ ಎಂಬುದು ವಿಚಾರಾರ್ಹವಾದ ವಿಷಯ.

ಕೆರೆಯ ಕುರಿತ ಭಾರತೀಯ ಶಾಸನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಗಿರಿನಗರದ, ಎಂದರೆ ಇಂದಿನ ಜುನಾಗಢದ, ಬಂಡೆಯ ಮೇಲಿನ ರುದ್ರದಾಮನ ಶಾಸನ. ಕ್ರಿ.ಶ. 150ರ ಸುಮಾರಿನ ಈ ಸಂಸ್ಕೃತ ಬರಹ ಸುದರ್ಶನವೆಂಬ ಜಲಾಶಯದ ವೃತ್ತಾಂತವನ್ನು ಹೇಳುತ್ತದೆ. ಅದನ್ನು ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತ; ಕಾಲುವೆಗಳನ್ನು ಕೂಡಿಸಿದವನು ಅಶೋಕನ ಕಾಲದ ತುಷಾಸ್ಫ. ಶ್ರವಣಬೆಳಗೊಳದ ಪರಂಪರೆ ಯಾವ ಚಂದ್ರಗುಪ್ತನನ್ನು ಸರ್ವಸಂಗಪರಿತ್ಯಾಗಿಯಾಗಿ ನೆನೆಯುತ್ತದೆಯೋ ಆ ಚಂದ್ರಗುಪ್ತನ ಹೆಸರು ಇಲ್ಲಿ ನೀರಾವರಿಯೊಡನೆ ಸೇರಿಕೊಂಡಿದೆ. ಬಿರುಮಳೆಯಲ್ಲಿ ಒಡ್ಡು ಒಡೆದು ನೀರೆಲ್ಲ ಬರಿದಾದಾಗ ಸುದರ್ಶನವು ಮರುಭೂಮಿಯಂತೆ ದುರ್ದರ್ಶನವಾಯಿತೆಂದು ಶಾಸನಕವಿ ಶ್ಲೇಷೆ ಮಾಡುತ್ತಾನೆ. ರುದ್ರದಾಮನು ಅದನ್ನು ಪ್ರಜೆಗಳ ಮೇಲೆ ತೆರಿಗೆ ಹೇರದೆ, ವಿಷ್ಟಿ ಮಾಡಿಸದೆ, ಸ್ವಂತ ಬೊಕ್ಕಸದಿಂದ ಮತ್ತೆ ಕಟ್ಟಿಸಿದನಂತೆ. ‘ವಿಷ್ಟಿ’ಯ ತದ್ಭವವೇ ಕನ್ನಡದ ‘ಬಿಟ್ಟಿ’ ಎಂಬುದನ್ನು ಇಲ್ಲಿ ನೆನಪಿಡಬೇಕು. ಮುಂದೆ ಅದರ ಪ್ರಸಂಗ ಬರುತ್ತದೆ. ಐದನೆಯ ಶತಮಾನದಲ್ಲಿ ಸ್ಕಂದಗುಪ್ತನ ಕಾಲಕ್ಕೆ ಕೆರೆ ಮತ್ತೊಮ್ಮೆ ಒಡೆಯಿತು, ಮತ್ತೊಮ್ಮೆ ಕಟ್ಟಲಾಯಿತು. ಆ ಸಂಗತಿಯೂ ಅದೇ ಬಂಡೆಯ ಮೇಲಿದೆ. ಕಟ್ಟಿದ್ದು, ಒಡೆದದ್ದು, ಮತ್ತೆ ಕಟ್ಟಿದ್ದು ಎಲ್ಲವೂ ಕಾವ್ಯವಾಗಿದೆ. ಸುವರ್ಣಸಿಕತಾ, ಅಂದರೆ ಹೊನ್ನಮರಳು, ಎಂಬ ಹೆಸರಿನ ಹೊಳೆಯೇ ಆ ಕೆರೆಗೆ ನೀರು ತರುತ್ತಿತ್ತು. ಆದರೆ ಅದು ತಂದ ಮರಳನ್ನು ತೆಗೆದವರ ಮಾತು ಆ ಬಂಡೆಯ ಮೇಲೆಲ್ಲಿಯೂ ಇಲ್ಲ.

ಈ ಮೌನ ಮುಂದಿನ ಕಾಲಕ್ಕೂ ನಡೆದು ಬಂದಿದೆ. ಬುಕ್ಕರಾಯನ ಮಗ ಭಾಸ್ಕರ ಭವದೂರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನವನ್ನು ಕೆರೆಯ ಶಾಸ್ತ್ರಗ್ರಂಥವೆಂದೇ ಹೇಳಬಹುದು. ಎರಡು ವರ್ಷ ನಿತ್ಯ ಸಾವಿರ ಆಳು, ನೂರು ಬಂಡಿ ದುಡಿದ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳು, ಕೆರೆಗೆ ತಗಲುವ ಆರು ದೋಷಗಳು ಅದರಲ್ಲಿವೆ. ದೋಷಗಳಲ್ಲೊಂದು ‘ಕೂರ್ಮ’, ಎಂದರೆ ಕೆರೆಯ ನಡುವೆ ಆಮೆಯ ಬೆನ್ನಿನಂತೆ ಎದ್ದು ನಿಂತ ನೆಲ. ಅದು ಹುಟ್ಟಿನಿಂದಲೇ ಇರುವ ದೋಷ. ವರ್ಷವರ್ಷವೂ ಬೆಳೆಯುವ ಹೂಳು ಆ ಪಟ್ಟಿಯಲ್ಲಿಲ್ಲ. ಹಂಪಿಯ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಹಾಲೆರೆಯುತ್ತ ಮಗುವಿನ ಕಿವಿಯಲ್ಲಿ ಹೇಳಿದ ಪದ್ಯ ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅದರಲ್ಲಿಯೂ ಕೆರೆ ಕಟ್ಟಿಸುವ ಉಪದೇಶವಿದೆ, ಕಟ್ಟಿದ್ದನ್ನು ಕಾಯುವ ಉಪದೇಶವಿಲ್ಲ.

ಹಾಗೆಂದು ನಮ್ಮ ಹಿರಿಯರು ಹೂಳನ್ನು ಮರೆತಿದ್ದರೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಶಾಸನದ ಪ್ರಶಸ್ತಿಭಾಗವನ್ನು ದಾಟಿ ದತ್ತಿಭಾಗಕ್ಕೆ ಬಂದರೆ ಚಿತ್ರ ಬೇರೆ. ವಂಶಾವಳಿ, ಬಿರುದಾವಳಿಗಳೆಲ್ಲ ಮುಗಿದ ಮೇಲೆ, ಸಾಹಿತ್ಯದ ವಿದ್ಯಾರ್ಥಿ ಸಾಮಾನ್ಯವಾಗಿ ಓದು ನಿಲ್ಲಿಸುವ ಕಡೆಯಲ್ಲಿ, ಗದ್ದೆಯ ಎಲ್ಲೆಗಳ ನಡುವೆ ಕೆಲವು ಪಾರಿಭಾಷಿಕ ಪದಗಳು ಸಿಗುತ್ತವೆ: ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ, ಕೆರೆಬಂಡಿ. ಇವುಗಳ ಅರ್ಥಸೂಕ್ಷ್ಮದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳುಂಟು. ಆದರೂ ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಯುವವನಿಗೆ ಆ ಕೆರೆಯ ಕೆಳಗಿನ ಭೂಮಿಯಲ್ಲಿಯೋ ಬೆಳೆಯಲ್ಲಿಯೋ ಪಾಲು ಕೊಡುವ ವ್ಯವಸ್ಥೆಗಳಿವು ಎಂಬುದರಲ್ಲಿ ಸಂದೇಹವಿಲ್ಲ. ಇವುಗಳಲ್ಲಿ ‘ಕೆರೆಬಂಡಿ’ ವಿಶೇಷವಾದುದು. ಕೆರೆಯಂಗಳದ ಮಣ್ಣನ್ನು ಹೊತ್ತು ಏರಿಗೆ ಹಾಕುವ ಬಂಡಿಯನ್ನು ನಿರಂತರವಾಗಿ ನಡೆಸುವುದಕ್ಕೆ ಬಿಟ್ಟ ದತ್ತಿ ಅದು. ಬಂಡಿ, ಅದನ್ನೆಳೆಯುವ ದನ, ಹೊಡೆಯುವ ಆಳು, ಇವರೆಲ್ಲರ ಹೊಟ್ಟೆಗೆ ಆಧಾರವಾಗಿ ಭೂಮಿ. ಒಂದೇ ಕೆಲಸದಿಂದ ಕೆರೆಯ ಆಳ ಉಳಿಯುತ್ತಿತ್ತು, ಏರಿಯ ಎತ್ತರವೂ ಉಳಿಯುತ್ತಿತ್ತು. ಬಸದಿ, ದೇವಾಲಯಗಳ ದತ್ತಿಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಪಾಲು ತೆಗೆದಿಡುವ ಪದ್ಧತಿ ಎಲ್ಲರಿಗೂ ತಿಳಿದಿದೆ. ಕೆರೆಬಂಡಿಯ ಹಿಂದಿರುವುದೂ ಅದೇ ಬುದ್ಧಿ: ಕಟ್ಟಡ ಸವೆಯುತ್ತದೆ, ಕೆರೆ ತುಂಬುತ್ತದೆ, ಆದ್ದರಿಂದ ಕಟ್ಟುವ ದಿನವೇ ದುರಸ್ತಿಯ ಅನ್ನವನ್ನೂ ಗೊತ್ತುಮಾಡಬೇಕು.

ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಹಾಡುವ ಅಗತ್ಯವಿಲ್ಲ. ಕೊಡಗೆಯ ಭೂಮಿ ಪಡೆದವನ ಹೆಸರು ಕಲ್ಲಿನಲ್ಲಿ ಉಳಿದಷ್ಟು ಮಂಕರಿ ಹೊತ್ತವನ ಹೆಸರು ಉಳಿದಿಲ್ಲ. ಬಿಟ್ಟಿ ಎಂಬ ಮಾತು ಕನ್ನಡ ಶಾಸನಗಳಿಗೆ ಅಪರಿಚಿತವೂ ಅಲ್ಲ. ಆದರೆ ಭೂಮಿ ಮತ್ತು ಹೊಣೆ ಒಂದಕ್ಕೊಂದು ಗಂಟುಬಿದ್ದಿದ್ದವು. ಕಂಪನಿ ಸರ್ಕಾರದ ಕಂದಾಯ ವ್ಯವಸ್ಥೆ ಈ ಗಂಟನ್ನು ಸಡಿಲಿಸಿತು. 1800ರಲ್ಲಿ ಮದ್ರಾಸಿಗೆ ಸೇರಿದ ಬಳ್ಳಾರಿ ಸೀಮೆಯಂಥ ಕಡೆಗಳಲ್ಲಿ ರೈತರ ಸಾಂಪ್ರದಾಯಿಕ ದುಡಿಮೆಯನ್ನು ಸರ್ಕಾರ ‘ಕುಡಿಮರಾಮತ್’ ಎಂದು ಗುರುತಿಸಿ, ಅದು ಕುಸಿಯುತ್ತಿರುವುದನ್ನು ಕಂಡು ಕಾನೂನಿನ ಬಲ ಕೊಡಲು ಹೊರಟಿತು. 1858ರ ಮದ್ರಾಸ್ ಕಡ್ಡಾಯ ದುಡಿಮೆ ಕಾಯಿದೆ ಅದರ ಫಲ. ದತ್ತಿಯ ಭೂಮಿ ಲೆಕ್ಕದಿಂದ ಹೊರಗುಳಿದು ದುಡಿಮೆ ಮಾತ್ರ ಕಡ್ಡಾಯವಾಯಿತು. ರುದ್ರದಾಮನು ಮಾಡಿಸಲಿಲ್ಲವೆಂದು ಹೆಮ್ಮೆಪಟ್ಟ ವಿಷ್ಟಿಯೇ ಇದು ಎಂದರೆ ಅತಿಶಯೋಕ್ತಿಯಾಗಲಾರದು. ಮೈಸೂರಿನಲ್ಲಿ 1866ರಷ್ಟು ಹಿಂದೆಯೇ ಇಂಜಿನಿಯರ್ ಸ್ಯಾಂಕಿ, ಸಂಸ್ಥಾನದ ನೆಲದಲ್ಲಿ ಶೇಕಡಾ 60ರಷ್ಟು ಕೆರೆಗಳ ಜಾಲಕ್ಕೆ ಒಳಪಟ್ಟಿದೆಯೆಂದು ಬೆರಗಿನಿಂದ ಬರೆದಿದ್ದ. ಆ ಜಾಲವನ್ನು ಕಾಯಲು 1911ರಲ್ಲಿ ಕೆರೆ ಪಂಚಾಯತಿಗಳ ಕಾಯಿದೆಯೂ ಬಂದಿತು. ಕಾಯಿದೆಯಿಂದ ಹೊಣೆ ಹುಟ್ಟಿತು, ಕೊಡಗೆ ಹುಟ್ಟಲಿಲ್ಲ.

ಕೆರೆಯ ಮಾತು ಹೀಗಾದರೆ ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಮಾತು ಇನ್ನೂ ಜಟಿಲವಾದುದು. ತುಂಗಭದ್ರೆಯ ಒಂದೇ ದಂಡೆಯಲ್ಲಿ ಇದರ ಎರಡು ಮಾದರಿಗಳನ್ನು ಕಾಣಬಹುದು. ಹಂಪಿಯ ಬಳಿ ವಿಜಯನಗರದವರು ಕಟ್ಟಿದ ತುರುತ್ತಿನಂಥ ಅಣೆಗಳು ತಗ್ಗಿನವು. ಬಂಡೆಗಳ ನಡುವೆ ಕಲ್ಲು ಪೇರಿಸಿ, ಹೊಳೆಯನ್ನು ನಿಲ್ಲಿಸದೆ ಬರಿದೆ ತಿರುಗಿಸುವಂಥವು. ಮಹಾಪೂರ ಅವುಗಳ ಮೇಲೆಯೇ ಹರಿದು ತನ್ನ ಮಣ್ಣನ್ನು ತಾನೇ ಹೊತ್ತೊಯ್ಯುತ್ತದೆ. ರಾಜಧಾನಿ 1565ರ ನಂತರ ಹಾಳುಬಿದ್ದರೂ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿರುವುದಕ್ಕೆ ಇದೂ ಒಂದು ಕಾರಣ.

ಅದೇ ಹೊಳೆಗೆ, ಹೊಸಪೇಟೆ ಮತ್ತು ಮುನಿರಾಬಾದುಗಳ ನಡುವೆ, ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು 1945ರಲ್ಲಿ ಆರಂಭಿಸಿದ ದೊಡ್ಡ ಅಣೆಕಟ್ಟಿನಲ್ಲಿ 1953ರಿಂದ ನೀರು ನಿಲ್ಲುತ್ತಿದೆ. ಆಗ ಅದರ ಸಾಮರ್ಥ್ಯ 132.47 ಟಿಎಂಸಿ. 2008ರ ಸಮೀಕ್ಷೆಯಲ್ಲಿ ಅದು 100.855 ಎಂದು ಕಂಡಿತು, 2016ರಲ್ಲಿ 105.788. ಎಂಟು ವರ್ಷಗಳಲ್ಲಿ ಹೂಳು ತಾನಾಗಿ ಕಡಿಮೆಯಾದದ್ದಲ್ಲ, ಅಳತೆಯ ವಿಧಾನ ಬೇರೆಯಾದದ್ದು. ಎರಡನೆಯ ಅಂಕಿಯನ್ನೇ ಹಿಡಿದರೂ ಸುಮಾರು 26.7 ಟಿಎಂಸಿ, ಎಂದರೆ 75 ಕೋಟಿ ಘನಮೀಟರಿಗೂ ಮಿಕ್ಕ ಜಾಗವನ್ನು ಮಣ್ಣು ಆಕ್ರಮಿಸಿದೆ. ಅಣೆಕಟ್ಟಿನ ತಳಭಾಗದಲ್ಲಿ ಹೂಳಿಗೆಂದೇ ಒಂದಿಷ್ಟು ಜಾಗ ಬಿಡುವ ರೂಢಿ ಇಂಜಿನಿಯರುಗಳಲ್ಲಿದೆ. ಅದನ್ನು ‘ಡೆಡ್ ಸ್ಟೋರೇಜ್’ ಎನ್ನುತ್ತಾರೆ. ಆದರೆ ಹೊಳೆ ಆ ಲೆಕ್ಕವನ್ನು ಪಾಲಿಸುವುದಿಲ್ಲ. ನಿಂತ ನೀರನ್ನು ಮುಟ್ಟಿದೊಡನೆ ವೇಗ ತಗ್ಗಿ, ದಪ್ಪ ಮರಳು ಹಿನ್ನೀರಿನ ತಲೆಯಲ್ಲಿಯೇ ಇಳಿಯುತ್ತದೆ. ರೈತನಿಗೆ ದಕ್ಕಬೇಕಾದ ಸಂಗ್ರಹವೇ ಮೊದಲು ಕಳೆದುಹೋಗುತ್ತದೆ.

ಇದನ್ನು ಎತ್ತಬಹುದೆ? 1953ರಿಂದ 2016ರವರೆಗಿನ 63 ವರ್ಷಗಳ ಸರಾಸರಿ ತೆಗೆದರೆ ವರ್ಷಕ್ಕೆ ಸುಮಾರು 1.2 ಕೋಟಿ ಘನಮೀಟರ್ ಹೂಳು ಬಂದಂತಾಯಿತು. ಹತ್ತು ಘನಮೀಟರ್ ಹಿಡಿಯುವ ಟಿಪ್ಪರುಗಳು ದಿನಕ್ಕೆ ಸಾವಿರ ಲೋಡು, ಒಂದು ದಿನವೂ ಬಿಡದೆ ಹೊತ್ತರೆ ವರ್ಷಕ್ಕೆ 36.5 ಲಕ್ಷ ಘನಮೀಟರ್. ಹಳೆಯದಿರಲಿ, ಆ ವರ್ಷ ಬಂದದ್ದರ ಮೂರನೆಯ ಒಂದು ಪಾಲೂ ಅಲ್ಲ. ಇನ್ನು ತೆಗೆದದ್ದನ್ನು ಹಾಕುವುದೆಲ್ಲಿ? ಈಗಿರುವ ಹೂಳನ್ನೆಲ್ಲ ಒಂದು ಮೀಟರ್ ದಪ್ಪಕ್ಕೆ ಹರಡಿದರೂ ಸುಮಾರು 378 ಚದರ ಕಿಲೋಮೀಟರಿನ ಆ ಜಲಾಶಯದ ಎರಡರಷ್ಟು ನೆಲ ಬೇಕು. ರಾಸಾಯನಿಕ ಗೊಬ್ಬರ ಬಂದ ಮೇಲೆ ಗೋಡಿಗೆ ಹಿಂದಿನ ಬೇಡಿಕೆಯೂ ಇಲ್ಲ. 2017ರ ಬೇಸಿಗೆಯಲ್ಲಿ ರೈತರು ಸ್ವಯಂಪ್ರೇರಣೆಯಿಂದ ಜಲಾಶಯಕ್ಕಿಳಿದು ಹೂಳೆತ್ತಿದರು. ಪ್ರಮಾಣದ ದೃಷ್ಟಿಯಿಂದ ಅದು ಸಾಸಿವೆಯಷ್ಟು. ಆದರೂ ಕೆರೆಬಂಡಿಯ ಹೊಣೆಯನ್ನು ಕೆರೆಬಂಡಿಯ ಕೊಡಗೆಯಿಲ್ಲದೆ ಹೊತ್ತ ಈ ಪ್ರಸಂಗವನ್ನು ನೀರಾವರಿಯ ಚರಿತ್ರಕಾರರು ಉಪೇಕ್ಷಿಸುವಂತಿಲ್ಲ.

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ನಾಡು ಅಣೆಕಟ್ಟಿನತ್ತ ನೋಡಿತು. ಒಡೆಯುವುದು ಸುದ್ದಿಯಾಗುತ್ತದೆ, ಜುನಾಗಢದ ಬಂಡೆಯ ಕಾಲದಿಂದಲೂ. ಹೂಳಿನ ನಷ್ಟಕ್ಕೆ ಸರ್ಕಾರ ಮುಂದಿಟ್ಟಿರುವ ಪರಿಹಾರ ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಒಂದು ಸಮತೋಲನ ಜಲಾಶಯ. ಅದಕ್ಕೆ ನೆರೆರಾಜ್ಯಗಳ ಒಪ್ಪಿಗೆ ಬೇಕು. ಅಲ್ಲಿಗೆ ಹರಿಸಬೇಕೆಂದಿರುವುದು ಮಳೆಗಾಲದ ಪ್ರವಾಹದ ನೀರನ್ನು. ಹೊಳೆ ಅತಿ ಹೆಚ್ಚು ಮಣ್ಣು ಹೊತ್ತು ಬರುವುದೂ ಆಗಲೇ.