ವಿಶ್ವವಿದ್ಯಾಲಯದ ಸಂಶೋಧನೆ ಜನಸಾಮಾನ್ಯರೆಡೆಗೆ: ಒಂದು ಐತಿಹಾಸಿಕ ಅವಲೋಕನ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಯಾವುದೋ ಒಂದು ಊರಿನ ಹುಡುಗನೋ ಹುಡುಗಿಯೋ ಧಾರವಾಡಕ್ಕೋ ಬೆಳಗಾವಿಗೋ ಹೋಗಿ, ವರ್ಷಗಟ್ಟಲೆ ಕಷ್ಟಪಟ್ಟು ಪಿಎಚ್.ಡಿ. ಪದವಿ ಪಡೆದರೆ ಊರಿಗೆ ಊರೇ ಸಂತೋಷಪಡುತ್ತದೆ. ಜಮಾತಿನ ಹಿರಿಯರು ಶಾಲು ಹೊದಿಸಿ, ಹಾರ ಹಾಕಿ ಸನ್ಮಾನಿಸುತ್ತಾರೆ. ಪತ್ರಿಕೆಯಲ್ಲಿ ಭಾವಚಿತ್ರ ಬರುತ್ತದೆ. ಆದರೆ ಸನ್ಮಾನ ಮುಗಿಸಿ ಮನೆಗೆ ಹೊರಟವರನ್ನು ನಿಲ್ಲಿಸಿ, “ಇವರು ಯಾವುದರ ಬಗ್ಗೆ ಸಂಶೋಧನೆ ಮಾಡಿದ್ದಾರೆ? ಏನು ಕಂಡುಹಿಡಿದಿದ್ದಾರೆ?” ಎಂದು ನೀವು ಕೇಳಿ ನೋಡಿ. ಉತ್ತರ ಸಿಗುವುದು ಕಠಿಣ. ಪದವಿಯ ಹೆಸರು ಊರಿಗೆ ಬರುತ್ತದೆ, ಪದವಿಯೊಳಗಿನ ತಿಳಿವಳಿಕೆ ಬರುವುದಿಲ್ಲ. ಅದು ಗಟ್ಟಿ ರಟ್ಟಿನ ಹೊದಿಕೆಯಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಯೇ ಉಳಿಯುತ್ತದೆ.

ಇದು ಹೀಗೆಯೇ ಇರಬೇಕೆ? ಚರಿತ್ರೆಯನ್ನು ತೆರೆದು ನೋಡಿದರೆ ಹಾಗೇನೂ ಇಲ್ಲ. ವಿದ್ವಾಂಸರು ತಾವು ಕಲಿತದ್ದನ್ನು ಜನರ ಬಳಿಗೆ ಒಯ್ದ ದೊಡ್ಡ ಪರಂಪರೆ ನಮ್ಮ ನಾಡಿನಲ್ಲಿಯೇ ಇದೆ. ಅದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೀಸುಕಲ್ಲಿನ ಮುಂದೆ ಸೂಫಿ ಜ್ಞಾನ

ಮೊದಲಿಗೆ ಬಿಜಾಪುರಕ್ಕೆ ಹೋಗೋಣ. ನಮ್ಮ ಈ ಸೀಮೆಯೂ ಒಂದು ಕಾಲಕ್ಕೆ ಆದಿಲ್‌ಶಾಹಿ ಆಡಳಿತಕ್ಕೆ ಸೇರಿತ್ತು. ಆಗ ಧರ್ಮಶಾಸ್ತ್ರ ಮತ್ತು ಸೂಫಿ ತತ್ವದ ಗ್ರಂಥಗಳು ಅರಬ್ಬಿ, ಫಾರಸಿ ಭಾಷೆಗಳಲ್ಲಿದ್ದವು. ಆ ಭಾಷೆಗಳನ್ನು ಬಲ್ಲವರು ಕೆಲವೇ ಜನ. ಬಿಜಾಪುರದ ಶಾಹ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ಈ ಮೂರು ತಲೆಮಾರಿನ ಸೂಫಿಗಳು ಜನರಾಡುವ ದಖನಿಯಲ್ಲಿ ಬರೆದರು. ಇಂದಿಗೂ ನಮ್ಮಲ್ಲಿ ಅನೇಕರು ಮನೆಯಲ್ಲಿ ಆಡುವ ಮಾತು ಅದೇ ದಖನಿ ಎಂಬುದನ್ನು ಮರೆಯಬೇಡಿ.

ಈ ಸೂಫಿ ಪರಂಪರೆಯಲ್ಲಿ ‘ಚಕ್ಕಿನಾಮಾ’, ‘ಚರ್ಖಾನಾಮಾ’ ಎಂಬ ಹಾಡುಗಳು ಹುಟ್ಟಿದವು. ಹೆಣ್ಣುಮಕ್ಕಳು ಹಿಟ್ಟು ಬೀಸುವಾಗ, ನೂಲು ತೆಗೆಯುವಾಗ ಹಾಡುವ ಪದಗಳಿವು. ಬೀಸುಕಲ್ಲಿನ ಭಾಗಗಳನ್ನೇ ಉಪಮೆಯಾಗಿಸಿಕೊಂಡು ದೇವರ ಏಕತ್ವವನ್ನು, ಪ್ರವಾದಿಯವರ ಮೇಲಿನ ಪ್ರೀತಿಯನ್ನು ಅವು ತಿಳಿಸುತ್ತಿದ್ದವು. ಮದರಸಾದ ಮೆಟ್ಟಿಲು ಹತ್ತದ ತಾಯಂದಿರಿಗೆ ಈ ಮೂಲಕ ಒಂದು ದೊಡ್ಡ ತತ್ವ ತಲುಪಿತು. ಈ ಸಂಗತಿಯನ್ನು ವಿವರವಾಗಿ ಲೋಕಕ್ಕೆ ತಿಳಿಸಿದವರಲ್ಲಿ ಅಮೇರಿಕದ ಇತಿಹಾಸಕಾರ ರಿಚರ್ಡ್ ಈಟನ್ ಪ್ರಮುಖರು. ಬಿಜಾಪುರದ ಸೂಫಿಗಳ ಕುರಿತ ಅವರ ಗ್ರಂಥ 1978ರಲ್ಲಿ ಪ್ರಕಟವಾಯಿತು. ಅದರ ಮೂಲ ಅವರು ವಿದ್ಯಾರ್ಥಿಯಾಗಿ ಸಿದ್ಧಪಡಿಸಿದ ಪಿಎಚ್.ಡಿ. ಮಹಾಪ್ರಬಂಧ. ನಮ್ಮ ಅಜ್ಜಿಯಂದಿರ ಬೀಸುವ ಪದ ಹೀಗೆ ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಹೋಯಿತು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ರಹಮತ್ ತರೀಕೆರೆಯವರು ‘ಕರ್ನಾಟಕದ ಸೂಫಿಗಳು’ ಗ್ರಂಥ ಬರೆದು, ಈ ಪರಂಪರೆಯನ್ನು ಕನ್ನಡ ಓದುಗರ ಕೈಗೆ ಕೊಟ್ಟರು.

ಸರ್ ಸೈಯದ್ ಮತ್ತು ಉಸ್ಮಾನಿಯಾ

ಇನ್ನು ಆಧುನಿಕ ಕಾಲಕ್ಕೆ ಬರೋಣ. ಸರ್ ಸೈಯದ್ ಅಹ್ಮದ್ ಖಾನ್ ಎಂದೊಡನೆ ಅಲಿಗಢದ ಕಾಲೇಜು ನೆನಪಾಗುತ್ತದೆ. ಆದರೆ 1875ರಲ್ಲಿ ಅಲ್ಲಿ ಶಿಕ್ಷಣ ಸಂಸ್ಥೆ ಆರಂಭಿಸುವುದಕ್ಕೆ ಹನ್ನೊಂದು ವರ್ಷ ಮೊದಲೇ, 1864ರಲ್ಲಿ, ಅವರು ಗಾಜಿಪುರದಲ್ಲಿ ‘ಸೈಂಟಿಫಿಕ್ ಸೊಸೈಟಿ’ ಸ್ಥಾಪಿಸಿದ್ದರು. ಅದು ನಂತರ ಅಲಿಗಢಕ್ಕೆ ಬಂದಿತು. ಇಂಗ್ಲಿಷಿನ ಗ್ರಂಥಗಳನ್ನು ಉರ್ದುವಿಗೆ ತರುವುದು, ಹೊಸ ವಿಷಯಗಳ ಬಗ್ಗೆ ಉಪನ್ಯಾಸ ಏರ್ಪಡಿಸುವುದು ಅದರ ಕೆಲಸ. 1866ರಿಂದ ಪ್ರಕಟವಾದ ಅದರ ಪತ್ರಿಕೆ ಉರ್ದು, ಇಂಗ್ಲಿಷ್ ಎರಡರಲ್ಲಿಯೂ ಇರುತ್ತಿತ್ತು. ಕಾಲೇಜು ಕಟ್ಟುವ ಮೊದಲು ಕಾಲೇಜಿನ ಜ್ಞಾನ ಏನೆಂಬುದನ್ನು ಜನರಿಗೆ ಅವರದೇ ಭಾಷೆಯಲ್ಲಿ ತೋರಿಸಬೇಕು ಎಂಬ ದೂರದೃಷ್ಟಿಯನ್ನು ಇಲ್ಲಿ ನಾವು ಕಾಣಬಹುದು.

ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉನ್ನತ ಶಿಕ್ಷಣವನ್ನೇ ಉರ್ದು ಮಾಧ್ಯಮದಲ್ಲಿ ಕೊಟ್ಟಿತು. ಅದಕ್ಕಾಗಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆ ದುಡಿಯಿತು. ನಮ್ಮ ಬೀದರ, ಕಲಬುರ್ಗಿ, ರಾಯಚೂರು ಭಾಗಗಳು ಆಗ ಅದೇ ಸಂಸ್ಥಾನದಲ್ಲಿದ್ದವು.

ಕನ್ನಡ ನಾಡಿನ ಪ್ರಯತ್ನಗಳು

ವಿಶ್ವವಿದ್ಯಾಲಯದ ಹೊರಗಿನ ಜನರಿಗೆ ವಿಶ್ವವಿದ್ಯಾಲಯದವರೇ ಹೋಗಿ ಉಪನ್ಯಾಸ ಕೊಡುವ ಪದ್ಧತಿಯನ್ನು ಇಂಗ್ಲೆಂಡಿನ ಕೇಂಬ್ರಿಜ್ 1873ರಲ್ಲಿ ವ್ಯವಸ್ಥಿತವಾಗಿ ಆರಂಭಿಸಿತು. ನಮ್ಮ ಭಾಗದಲ್ಲಿ ಆಗ ವಿಶ್ವವಿದ್ಯಾಲಯವೇ ಇರಲಿಲ್ಲ. ಪದವಿ ಬೇಕಾದವರು ಮುಂಬಯಿ ವಿಶ್ವವಿದ್ಯಾಲಯವನ್ನೇ ಅವಲಂಬಿಸಬೇಕಿತ್ತು. ಹಾಗೆ ಎಂ.ಎ. ಮಾಡಿಕೊಂಡು ಬಂದ ರಾ.ಹ. ದೇಶಪಾಂಡೆಯವರು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಸಂಘವು ‘ವಾಗ್ಭೂಷಣ’ ಪತ್ರಿಕೆಯನ್ನೂ ಹೊರಡಿಸಿತು. ಕಾನೂನು ಪದವೀಧರರಾದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ನಾಡಿನ ಚರಿತ್ರೆಯನ್ನು ಸಾಮಾನ್ಯ ಓದುಗನ ಮುಂದಿಟ್ಟರು. ಶಾಸನಗಳಲ್ಲಿ ಹುದುಗಿದ್ದ ಇತಿಹಾಸ ಜನರ ಅಭಿಮಾನವಾಗಿ ಬದಲಾದದ್ದು ಇಂಥ ಬರಹಗಳಿಂದ. ಕರ್ನಾಟಕ ಏಕೀಕರಣದ ಹಿಂದೆ ಈ ಶಕ್ತಿ ಇತ್ತು.

ಅತ್ತ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಸಂಗಡಿಗರು 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ತಂದರು. ಮರುವರ್ಷ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ ಹುಟ್ಟಿತು. ಕಾಲೇಜಿನ ಸಂಘವೊಂದರ ಪತ್ರಿಕೆ ನಾಡಿನ ವಿದ್ವತ್ ಪತ್ರಿಕೆಯಾಗಿ ಬೆಳೆಯಿತು. ಮುಂದೆ ಮೈಸೂರು ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. 1930ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯ ‘ಪ್ರಚಾರೋಪನ್ಯಾಸ’ಗಳನ್ನು ಆರಂಭಿಸಿತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡುತ್ತಿದ್ದರು. ಆ ಭಾಷಣಗಳೇ ಚಿಕ್ಕ ಪುಸ್ತಕಗಳಾಗಿ ಅಲ್ಪ ಬೆಲೆಗೆ ದೊರೆಯುತ್ತಿದ್ದವು.

ಧಾರವಾಡದ ಕೊಡುಗೆ

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ನಮ್ಮ ಭಾಗದ ಬಾಳಿನಲ್ಲಿ ಒಂದು ತಿರುವು. ಅದರ ಪ್ರಸಾರಾಂಗವೂ ಇದೇ ದಾರಿ ಹಿಡಿದು ‘ಉಪನ್ಯಾಸ ಗ್ರಂಥಮಾಲೆ’ಯ ಕಿರು ಹೊತ್ತಿಗೆಗಳನ್ನು ಪ್ರಕಟಿಸಿತು. ಹಳೆಯ ಶಾಲೆಗಳ ಕಪಾಟುಗಳನ್ನು ಹುಡುಕಿದರೆ ಇವು ನಿಮಗೆ ಸಿಕ್ಕರೂ ಸಿಗಬಹುದು. ಸಿಕ್ಕರೆ ರದ್ದಿಗೆ ಹಾಕಬೇಡಿ.

ಈ ವಿಶ್ವವಿದ್ಯಾಲಯದಲ್ಲಿ 1955ರಲ್ಲಿ ಬಿ.ಎಸ್. ಗದ್ದಗಿಮಠರು ಕನ್ನಡ ಜಾನಪದ ಗೀತೆಗಳ ಮೇಲೆ ಡಾಕ್ಟರೇಟ್ ಪಡೆದರು. ಕನ್ನಡ ಜಾನಪದದ ಮೇಲೆ ಬಂದ ಮೊದಲ ಪಿಎಚ್.ಡಿ. ಇದು. ಹಳ್ಳಿಯ ಹೆಣ್ಣುಮಕ್ಕಳ ಹಾಡು ವಿಶ್ವವಿದ್ಯಾಲಯದ ಪದವಿಗೆ ಯೋಗ್ಯ ವಿಷಯ ಎಂದು ಅಂದು ಸಿದ್ಧವಾಯಿತು.

ನಮ್ಮ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರ ಉದಾಹರಣೆ ಇನ್ನೂ ಸ್ವಾರಸ್ಯಕರ. ಉತ್ತರ ಕರ್ನಾಟಕದ ಜನಪದ ರಂಗಭೂಮಿ ಅವರ ಪಿಎಚ್.ಡಿ. ಅಧ್ಯಯನದ ವಿಷಯ. ಬೈಲಹೊಂಗಲ ಸೀಮೆಯಲ್ಲಿ ನಡೆದದ್ದೆಂದು ಜನ ನಂಬುವ ಘಟನೆಯ ಮೇಲೆ ಪತ್ತಾರ ಮಾಸ್ತರರು ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಅವರು ಸಂಪಾದಿಸಿ ಪ್ರಕಟಿಸಿದರು. ಸಂಶೋಧನೆಯಲ್ಲಿ ಕಂಡ ಬಯಲಾಟದ ಶಕ್ತಿಯನ್ನು ‘ಜೋಕುಮಾರಸ್ವಾಮಿ’ಯಂಥ ನಾಟಕಗಳ ಮೂಲಕ ಮತ್ತೆ ರಂಗಕ್ಕೆ ತಂದರು. ಜನರಿಂದ ಪಡೆದದ್ದನ್ನು ಜನರಿಗೇ ಹಿಂದಿರುಗಿಸುವುದು ಎಂದರೆ ಇದೇ ಅಲ್ಲವೇ?

ಬೆಳಗಾವಿ ಜಿಲ್ಲೆಯಲ್ಲಿಯೇ 1925ರಲ್ಲಿ ಹುಟ್ಟಿದ ಕವಿ ಎಂ. ಅಕಬರ ಅಲಿಯವರನ್ನೂ ಇಲ್ಲಿ ನೆನೆಯಲೇಬೇಕು. ಅವರು ಡಾಕ್ಟರೇಟಿಗೆ ಆರಿಸಿಕೊಂಡದ್ದು ಸರ್ವಜ್ಞನನ್ನು. ಅನಕ್ಷರಸ್ಥರ ಬಾಯಲ್ಲಿಯೂ ನಲಿಯುವ ಸರ್ವಜ್ಞನ ತ್ರಿಪದಿಗಳನ್ನು ಒಬ್ಬ ಮುಸ್ಲಿಂ ಕವಿ ಆಳವಾಗಿ ಅಧ್ಯಯನ ಮಾಡಿದರು. ಕನ್ನಡ ನಮ್ಮದು, ಅದರ ಸಂಶೋಧನೆಯೂ ನಮ್ಮದು ಎಂದು ಹೇಳಲು ಬೇರೆ ಭಾಷಣ ಬೇಕಿಲ್ಲ.

ನಮ್ಮ ನಾಲ್ಕು ಊರುಗಳು

ಸಂಶೋಧನೆಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸವದತ್ತಿ ಒಂದು ಕಾಲಕ್ಕೆ ರಟ್ಟರ ರಾಜಧಾನಿ. ಅಲ್ಲಿಯ ಶಾಸನಗಳನ್ನು 19ನೇ ಶತಮಾನದಲ್ಲಿಯೇ ಜೆ.ಎಫ್. ಫ್ಲೀಟ್ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ 12ನೇ ಶತಮಾನದ ಕಮಲನಾರಾಯಣ ಗುಡಿ ಇದೆ. 1824ರ ಕಿತ್ತೂರು ಯುದ್ಧ, 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ರಾಣಿ ಚೆನ್ನಮ್ಮನ ಮರಣ, 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಗಲ್ಲು, 1939ರಲ್ಲಿ ರಾಮದುರ್ಗ ಸಂಸ್ಥಾನದ ಜನರ ಬಂಡಾಯ ಇವೆಲ್ಲ ನಮ್ಮ ನೆಲದ ಚರಿತ್ರೆ. ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದಾಗ ಹಿಂದೂ ಮುಸ್ಲಿಮರು ಕೂಡಿ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ವಿಜ್ಞಾನ ಓದುವವರಿಗೆ ಮಲಪ್ರಭೆಯ ನೀರು, ಎರಿಮಣ್ಣು, ಹತ್ತಿ, ಜೋಳ ಕಣ್ಣೆದುರಿಗೇ ಇವೆ.

ಆದರೆ ಈ ವಿಷಯಗಳ ಮೇಲೆ ಅಧ್ಯಯನ ನಡೆದಾಗ ಅದರ ಫಲ ರಿವಾಯತ್ ಹಾಡಿದ ಅಜ್ಜನಿಗೆ, ಹೊಲದ ಮಣ್ಣು ಕೊಟ್ಟ ರೈತನಿಗೆ ತಲುಪಿತೇ? ಮಾಹಿತಿ ಕೇಳಲು ಅವರ ಮನೆಯವರೆಗೆ ಹೋದವರು, ಉತ್ತರ ಹೇಳಲೂ ಒಮ್ಮೆ ಹೋಗಬೇಕಾದದ್ದು ನ್ಯಾಯ.

ಇದೇಕೆ ನಮಗೆ ಮುಖ್ಯ?

ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯ ಪ್ರಕಾರ, 2001ರ ಜನಗಣತಿಯಂತೆ ದೇಶದಲ್ಲಿ 20 ವರ್ಷ ಮೀರಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7. ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 4ಕ್ಕಿಂತ ಕಡಿಮೆ. ಪದವಿಯ ಸ್ಥಿತಿಯೇ ಹೀಗಿದ್ದರೆ ಸಂಶೋಧನೆಯ ಮಾತೇನು? ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಕೇಂದ್ರ ಸರ್ಕಾರ 2009ರಲ್ಲಿ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಆರಂಭಿಸಿತ್ತು. 2022-23ರಿಂದ ಅದನ್ನು ನಿಲ್ಲಿಸಲಾಗುವುದೆಂದು 2022ರ ಡಿಸೆಂಬರಿನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ವಿದ್ಯಾರ್ಥಿಗಳು ದುಃಖಿಸಿದರು, ಪ್ರತಿಭಟಿಸಿದರು. ಆದರೆ ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮನೆಗಳಿಗೆ ಅದೊಂದು ನಷ್ಟ ಎನಿಸಿತು? ಸಂಶೋಧನೆ ಎಂದರೇನೆಂದು ತಿಳಿಯದವರು, ಅದು ನಿಂತಾಗ ಕೇಳುವುದಾದರೂ ಏನನ್ನು?

ಮತ್ತೊಂದು ಮಾತು. ಹತ್ತನೇ ತರಗತಿಯ ಹುಡುಗಿಗೆ ಡಾಕ್ಟರು, ಇಂಜಿನಿಯರು, ಶಿಕ್ಷಕಿ ಗೊತ್ತು. ಸಂಶೋಧಕಿ ಗೊತ್ತಿಲ್ಲ. ತನ್ನ ಊರಿನ ಅಕ್ಕ ಒಬ್ಬಳು ಎದುರಿಗೆ ನಿಂತು, “ನಾನು ಈ ಪ್ರಶ್ನೆ ಕೇಳಿದೆ, ಹೀಗೆ ಹುಡುಕಿದೆ, ಇದು ಸಿಕ್ಕಿತು” ಎಂದು ಹೇಳಿದರೆ ಆ ಹುಡುಗಿಗೆ ಒಂದು ಹೊಸ ದಾರಿ ಕಾಣುತ್ತದೆ. ಅವಳ ತಂದೆ ತಾಯಿಗೂ ಆ ದಾರಿಯ ಭಯ ಕಡಿಮೆಯಾಗುತ್ತದೆ. ಶಾಲು ಹಾರಗಳಿಂದ ಈ ಕೆಲಸ ಆಗುವುದಿಲ್ಲ.

ಈಗಿನ ಅನುಕೂಲಗಳು

ಇಂದು ಸಾಧನಗಳಿಗೆ ಕೊರತೆಯಿಲ್ಲ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗಿ ಉನ್ನತ ಶಿಕ್ಷಣ ನಮ್ಮ ಮನೆಗೆ ಸಮೀಪ ಬಂದಿದೆ. ಮಹಾಪ್ರಬಂಧದ ಗಣಕ ಪ್ರತಿಯನ್ನು ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತು. ‘ಶೋಧಗಂಗಾ’ ಎಂಬ ಅಂತರ್ಜಾಲ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಅಸಂಖ್ಯ ಪ್ರಬಂಧಗಳನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಒಂದು ಸ್ಪರ್ಧೆ ಆರಂಭಿಸಿತು: ಸಂಶೋಧನಾ ವಿದ್ಯಾರ್ಥಿ ತನ್ನ ಇಡೀ ಅಧ್ಯಯನವನ್ನು ಮೂರೇ ನಿಮಿಷದಲ್ಲಿ, ಒಂದೇ ಚಿತ್ರಪಟ ಇಟ್ಟುಕೊಂಡು, ಸಾಮಾನ್ಯರಿಗೆ ತಿಳಿಯುವಂತೆ ಹೇಳಬೇಕು. ಅದು ಅನೇಕ ದೇಶಗಳಿಗೆ ಹರಡಿತು. ನಮ್ಮ ದೇಶದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ 2018ರಲ್ಲಿ ‘ಅವಸರ್’ ಎಂಬ ಸ್ಪರ್ಧೆ ಆರಂಭಿಸಿ, ತಮ್ಮ ಸಂಶೋಧನೆಯನ್ನು ಸರಳ ಲೇಖನವಾಗಿ ಬರೆದ ವಿದ್ಯಾರ್ಥಿಗಳಿಗೆ ಬಹುಮಾನ ಇಟ್ಟಿತು. ಮೊದಲ ಬಹುಮಾನ 1 ಲಕ್ಷ ರೂಪಾಯಿ.

ನಾವು ಮಾಡಬಹುದಾದದ್ದು

ಸದಸ್ಯ ಬಾಂಧವರೇ, ನಮ್ಮ ಸಂಘ ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳನ್ನು ಸೂಚಿಸಲು ಬಯಸುತ್ತೇನೆ.

ಒಂದು, ಸನ್ಮಾನ ಸಮಾರಂಭದಲ್ಲಿ ಸನ್ಮಾನಿತರ ಪರಿಚಯ ಓದುವ ಸಮಯವನ್ನು ತಗ್ಗಿಸಿ, ಹತ್ತು ನಿಮಿಷ ಅವರಿಗೇ ಕೊಡೋಣ. ತಮ್ಮ ಸಂಶೋಧನೆಯನ್ನು ಅವರು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಹೇಳಲಿ. ನಂತರ ಹತ್ತು ನಿಮಿಷ ಪ್ರಶ್ನೆಗಳಿಗಿರಲಿ. ಹೆಣ್ಣುಮಕ್ಕಳು ಕೂತು ಕೇಳಲು, ಪ್ರಶ್ನೆ ಕೇಳಲು ಅನುಕೂಲವಿರಲಿ.

ಎರಡು, ಈ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷ ನಮ್ಮ ನಾಲ್ಕು ಊರುಗಳ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಲೇಖನಕ್ಕೆ ಎರಡು ಪುಟ ಮೀಸಲಿರಲಿ.

ಮೂರು, ಎಂ.ಎ., ಎಂ.ಎಸ್ಸಿ. ಓದುವ ಮಕ್ಕಳು ರಜೆಗೆ ಊರಿಗೆ ಬಂದಾಗ ಅವರನ್ನು ಹೈಸ್ಕೂಲಿಗೆ ಒಂದು ಅವಧಿಯ ಮಟ್ಟಿಗೆ ಕರೆಯೋಣ. ಶಿಕ್ಷಕರಾದ ನಮಗೆ ಇದು ಕಷ್ಟದ ಕೆಲಸವಲ್ಲ.

ಸಂಶೋಧನಾ ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಸರಳವಾಗಿ ಹೇಳಿದರೆ ವಿದ್ವತ್ತು ಕಡಿಮೆಯಾಗುತ್ತದೆ ಎಂದು ತಿಳಿಯಬೇಡಿ. ಮೊದಲು ನಿಮ್ಮ ಪ್ರಶ್ನೆ ಯಾವುದೆಂದು ಹೇಳಿ. ಆ ಪ್ರಶ್ನೆ ಕೇಳುಗರ ಬದುಕಿಗೆ ಎಲ್ಲಿ ತಾಗುತ್ತದೆ ಎಂದು ತೋರಿಸಿ. ನಿಮಗೆ ಸಿಕ್ಕ ಉತ್ತರವನ್ನು ಸಿಕ್ಕಷ್ಟೇ ಹೇಳಿ, ಹೆಚ್ಚಿಸಿ ಹೇಳಬೇಡಿ. ನಿಮ್ಮ ತಾಯಿಗೆ ಅರ್ಥವಾದರೆ ನಿಮಗೂ ಪೂರ್ತಿ ಅರ್ಥವಾಗಿದೆ ಎಂದೇ ತಿಳಿಯಿರಿ.

ದಿವ್ಯ ಕುರ್‌ಆನಿನ ಮೊದಲ ಆಜ್ಞೆಯೇ ಓದುವುದಕ್ಕೆ ಸಂಬಂಧಿಸಿದ್ದು. ಬಲ್ಲದ್ದನ್ನು ಮುಚ್ಚಿಡುವುದನ್ನು ನಮ್ಮ ಧರ್ಮ ಮೆಚ್ಚುವುದಿಲ್ಲ. ಬಿಜಾಪುರದ ಸೂಫಿಗಳು ಬೀಸುಕಲ್ಲಿನ ಮುಂದೆ ಕುಳಿತ ತಾಯಿಯನ್ನೂ ತಮ್ಮ ಶ್ರೋತೃವೆಂದು ಭಾವಿಸಿದರು. ಮುಂದಿನ ವರ್ಷದ ಸಮಾರಂಭಕ್ಕೆ ಮೊದಲು ನಿಮ್ಮ ಓಣಿಯಲ್ಲಿ ಸಂಶೋಧನೆ ಮಾಡುತ್ತಿರುವವರು ಯಾರಿದ್ದಾರೆಂದು ವಿಚಾರಿಸಿ, ಅವರ ಹೆಸರು ಮತ್ತು ವಿಷಯವನ್ನು ಸಂಘದ ಕಚೇರಿಗೆ ತಿಳಿಸಬೇಕೆಂದು ಎಲ್ಲ ಸದಸ್ಯರಲ್ಲಿ ನನ್ನ ನಮ್ರ ವಿನಂತಿ.