ಎಲ್ಲವೂ ದೇವರ ಇಚ್ಛೆಯೇ? ಕಾರ್ಣಿಕ, ಹಣೆಬರಹ ಮತ್ತು ಮನುಷ್ಯನ ಪಾಲು

"ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲುಗಾಡದು." ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಸೀಮೆಯಲ್ಲಿ ಈ ಮಾತು ಮದುವೆ ಮನೆಯಲ್ಲೂ ಕೇಳುತ್ತದೆ, ಸಾವಿನ ಮನೆಯಲ್ಲೂ ಕೇಳುತ್ತದೆ. ಮದುವೆ ಮನೆಯಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಸಾಲದ ಹೊರೆ ತಾಳದೆ ಜೀವ ಕಳೆದುಕೊಂಡ ರೈತನ ಮನೆಯಂಗಳದಲ್ಲಿ ಅದೇ ಮಾತು ಬಂದಾಗ ಪ್ರಶ್ನೆ ಏಳುತ್ತದೆ. ಎಲ್ಲವನ್ನೂ ನಡೆಸುವವನು ದೇವರಾದರೆ ಈ ಸಾವನ್ನೂ ಅವನೇ ನಡೆಸಿದನೇ? ಅಲ್ಲವಾದರೆ ಇದಕ್ಕೆ ಕಾರಣರು ಯಾರು?

ದೇವರಿದ್ದಾನೋ ಇಲ್ಲವೋ ಎಂಬುದು ಈ ಲೇಖನದ ವಿಷಯವಲ್ಲ. "ಎಲ್ಲವೂ ಅವನ ಇಚ್ಛೆ" ಎಂಬ ವಿವರಣೆ ಎಷ್ಟನ್ನು ವಿವರಿಸುತ್ತದೆ, ಎಷ್ಟನ್ನು ಮುಚ್ಚಿಹಾಕುತ್ತದೆ ಎಂಬುದನ್ನಷ್ಟೇ ನಾವು ಇಲ್ಲಿ ನೋಡುತ್ತಿದ್ದೇವೆ.

ಪ್ರಶ್ನೆ ಹೊಸದಲ್ಲ

ಹೀಗೆ ಕೇಳುವುದೇ ನಾಸ್ತಿಕತೆ ಎಂದು ಕೆಲವರು ಬೇಸರಪಡುತ್ತಾರೆ. ಆದರೆ ಈ ಪ್ರಶ್ನೆ ನಮ್ಮ ಶಾಸ್ತ್ರಗ್ರಂಥಗಳ ಒಳಗೇ ಇದೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯಲ್ಲವೇ, ಕ್ರೂರಿಯಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೇ ಅಧ್ಯಾಯ ನೇರವಾಗಿ ಎತ್ತಿಕೊಳ್ಳುತ್ತದೆ. ಅದಕ್ಕೆ ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಕೊಡುವ ಹೋಲಿಕೆ ರೈತರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಮಳೆ ಎಲ್ಲ ಬೆಳೆಗಳಿಗೂ ಸಮಾನ ಕಾರಣ, ಆದರೆ ಭತ್ತ ಭತ್ತವಾಗಿ, ಜವೆ ಜವೆಯಾಗಿ ಬರುವುದು ಆಯಾ ಬೀಜದಿಂದ. ಹಾಗೆಯೇ ಜೀವಿಗಳ ನಡುವಿನ ವ್ಯತ್ಯಾಸಕ್ಕೆ ಅವರವರ ಕರ್ಮ ಕಾರಣ, ದೇವರಲ್ಲ. ಮೊದಲ ಸೃಷ್ಟಿಗೂ ಮುಂಚೆ ಕರ್ಮ ಎಲ್ಲಿತ್ತು ಎಂದು ಮತ್ತೆ ಕೇಳಿದರೆ, ಸಂಸಾರಕ್ಕೆ ಆದಿಯೇ ಇಲ್ಲ ಎಂಬ ಉತ್ತರ ಬರುತ್ತದೆ.

ಈ ಉತ್ತರ ದೇವರನ್ನು ಆರೋಪದಿಂದ ಬಿಡಿಸುತ್ತದೆ, ನಿಜ. ಆದರೆ ಹೊರೆಯನ್ನು ಪೂರ್ತಿಯಾಗಿ ನೊಂದವನ ತಲೆಗೇ ಹೊರಿಸುತ್ತದೆ. ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಇಲ್ಲಿ ನಿಂತು ನೋಡಿದರೆ ಆ ಹೋಲಿಕೆಯಲ್ಲಿ ಇನ್ನೊಂದು ಪ್ರಶ್ನೆಯೂ ಕಾಣುತ್ತದೆ. ಇಂದಿನ ರೈತ ಬಿತ್ತುವ ಹೈಬ್ರಿಡ್ ಬೀಜ ಅವನ ಕಣಜದ್ದಲ್ಲ. ಅದನ್ನು ಯಾರೋ ತಯಾರಿಸಿ, ಯಾರೋ ಪರೀಕ್ಷಿಸಿ, ಯಾರೋ ಮಾರಿರುತ್ತಾರೆ. ಮೊಳಕೆ ಬರದಿದ್ದರೆ ಕೇಳಬೇಕಾದದ್ದು ಹಿಂದಿನ ಜನ್ಮವನ್ನೋ, ಪಾಕೀಟಿನ ಮೇಲಿನ ಲೇಬಲ್ಲನ್ನೋ? 1966ರ ಬೀಜ ಕಾಯ್ದೆ ಬಂದದ್ದೇ ಈ ಎರಡನೆಯದನ್ನು ಕೇಳುವುದಕ್ಕಾಗಿ.

ಕಾರ್ಣಿಕ ಏನು ಹೇಳುತ್ತದೆ?

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ, ತುಂಗಭದ್ರೆಯ ಆಚೆಯ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರ್ಣಿಕ ನಡೆಯುತ್ತದೆ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎನ್ನುತ್ತಾನೆ. ಸಾವಿರಾರು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದೇ ಸಾಲಿನ ನುಡಿ ಹೇಳಿ ಅವನು ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲು ಆ ವರ್ಷದ ಮಳೆ, ಬೆಳೆ, ರಾಜಕೀಯಗಳ ಭವಿಷ್ಯ ಎಂಬುದು ನಂಬಿಕೆ.

ಎಲ್ಲವೂ ಮೊದಲೇ ಬರೆದಿದೆ ಎಂಬುದಕ್ಕೆ ಇದನ್ನೇ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ಆದರೆ ಕಾರ್ಣಿಕದ ನುಡಿ ಒಗಟಿನ ರೂಪದ್ದು. ಒಬ್ಬರು ಅದರಲ್ಲಿ ಮಳೆಯನ್ನು ಕಂಡರೆ ಇನ್ನೊಬ್ಬರು ಸರ್ಕಾರ ಬೀಳುವುದನ್ನು ಕಾಣುತ್ತಾರೆ. ವರ್ಷ ಕಳೆದ ಮೇಲೆ ನಡೆದದ್ದಕ್ಕೆ ಹೊಂದುವ ಅರ್ಥ ಉಳಿಯುತ್ತದೆ, ಹೊಂದದ ಅರ್ಥಗಳು ಮರೆತುಹೋಗುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆಲ್ಲ ಒಂದೇ ವ್ಯಕ್ತಿತ್ವ ವಿವರಣೆಯನ್ನು "ಇದು ನಿಮ್ಮದೇ" ಎಂದು ಕೊಟ್ಟಿದ್ದರು. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ವಿದ್ಯಾರ್ಥಿಗಳು ಕೊಟ್ಟ ಅಂಕಗಳ ಸರಾಸರಿ 5ಕ್ಕೆ 4.26. ಸಡಿಲವಾದ ಮಾತಿಗೆ ನಮ್ಮ ಬದುಕಿನ ಅಳತೆ ಕೊಟ್ಟು ಹೊಲಿದುಕೊಳ್ಳುವವರು ನಾವೇ.

ಹಾಗೆಂದು ಕಾರ್ಣಿಕಕ್ಕೆ ಹೋಗುವ ರೈತರು ಮೂಢರು ಎಂದು ನಾವು ಹೇಳುವುದಿಲ್ಲ. ನುಡಿ ಕೇಳಿ ಬಂದವರು ಮರುದಿನ ಬೋರ್‌ವೆಲ್‌ ನೀರು ಎಷ್ಟಿದೆ ನೋಡುತ್ತಾರೆ, ಮಾರುಕಟ್ಟೆಯ ದರ ವಿಚಾರಿಸುತ್ತಾರೆ. ಬಾಯಲ್ಲಿ ಹಣೆಬರಹವಿದ್ದರೂ ಕೈ ಆಯ್ಕೆ ಮಾಡುತ್ತಲೇ ಇರುತ್ತದೆ.

"ಪಡೆದುಕೊಂಡು ಬಂದದ್ದು" ಎನ್ನುವುದೇಕೆ?

ಇದಕ್ಕೆ ಮನಸ್ಸಿನ ಒಂದು ಅಭ್ಯಾಸ ಕಾರಣ. ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬಾಕೆಗೆ ವಿದ್ಯುತ್ ಶಾಕ್ ಕೊಡುತ್ತಿರುವಂತೆ ವಿದ್ಯಾರ್ಥಿನಿಯರಿಗೆ ತೋರಿಸಲಾಯಿತು. ನಿಜವಾಗಿ ಶಾಕ್ ಇರಲಿಲ್ಲ, ಅದು ನಟನೆ. ಆಕೆಯ ನೋವು ಮುಂದುವರಿಯುತ್ತದೆ, ತಮ್ಮಿಂದ ಏನೂ ಮಾಡಲಾಗದು ಎಂದು ತಿಳಿದ ಗುಂಪು ಕ್ರಮೇಣ ಆಕೆಯನ್ನೇ ಕೀಳಾಗಿ ಕಾಣತೊಡಗಿತು. ನೋವನ್ನು ನಿಲ್ಲಿಸುವ ಅವಕಾಶ ಸಿಕ್ಕವರಲ್ಲಿ ಈ ಪ್ರವೃತ್ತಿ ಕಡಿಮೆ ಇತ್ತು. ಜಗತ್ತು ನ್ಯಾಯವಾಗಿಯೇ ನಡೆಯುತ್ತದೆ ಎಂದು ನಂಬಲು ಬಯಸುವ ಮನಸ್ಸು, ಸಹಾಯ ಮಾಡಲಾಗದಾಗ ನೊಂದವರಲ್ಲೇ ತಪ್ಪು ಹುಡುಕುತ್ತದೆ.

ದೊಡ್ಡವರೂ ಇದಕ್ಕೆ ಹೊರತಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಪ್ರಾಕೃತಿಕ ಘಟನೆಗೆ ಪ್ರಾಕೃತಿಕ ಕಾರಣವೇ ಇರುತ್ತದೆ ಎಂದು ರವೀಂದ್ರನಾಥ ಟ್ಯಾಗೋರ್ ಬಹಿರಂಗವಾಗಿ ವಿರೋಧಿಸಿದರು. ಗಾಂಧೀಜಿ ಆ ವಿರೋಧವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು. ಅಸ್ಪೃಶ್ಯತೆಯ ವಿಷಯದಲ್ಲಿ ಗಾಂಧೀಜಿ ಸರಿ, ಭೂಕಂಪದ ವಿಷಯದಲ್ಲಿ ಟ್ಯಾಗೋರ್ ಸರಿ ಎಂಬುದು ನಮ್ಮ ಅಭಿಪ್ರಾಯ. ಆ ಶಿಕ್ಷೆ ಅಸ್ಪೃಶ್ಯತೆಗೆ ಬಲಿಯಾದವರನ್ನೂ ಬಿಟ್ಟಿರಲಿಲ್ಲ.

ಮನುಷ್ಯನ ಪಾಲು

ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಕೇಡು ಬರುವುದು ಅದರ ದುರ್ಬಳಕೆಯಿಂದ ಎಂಬ ಇನ್ನೊಂದು ವಾದವಿದೆ. ಕ್ರೈಸ್ತ ಚಿಂತಕ ಅಗಸ್ಟೀನ್ ಕಾಲದಿಂದಲೂ ಅದು ಬೆಳೆದುಬಂದಿದೆ. ಬರಗಾಲ, ಭೂಕಂಪಗಳಿಗೆ ಇದು ಉತ್ತರವಾಗಲಾರದು. ಮನುಷ್ಯರು ತಂದ ಕೇಡಿಗೆ ಅನ್ವಯಿಸಿದರೂ ಆಯ್ಕೆ ಒಬ್ಬರದು, ಸಂಕಟ ಇನ್ನೊಬ್ಬರದು.

2008ರ ಜೂನ್ 10ರಂದು ಹಾವೇರಿಯಲ್ಲಿ ರೈತರು ಬೀದಿಗಿಳಿದದ್ದು ಗೊಬ್ಬರ ಸಿಗದೆ. ಪೊಲೀಸರ ಗೋಲಿಬಾರಿಗೆ ಇಬ್ಬರು ರೈತರು ಬಲಿಯಾದರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಏಕಾಏಕಿ ಕುಸಿದಾಗ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಮಳೆಯನ್ನು ದೇವರಿಗೆ ಬಿಟ್ಟರೂ ಗೊಬ್ಬರದ ದಾಸ್ತಾನು, ಗುಂಡು ಹಾರಿಸುವ ಆದೇಶ, ಟೆಂಡರ್‌ ದರ, ಹಚ್ಚಿದ ಬೆಂಕಿ ಎಲ್ಲದರ ಹಿಂದೆಯೂ ಮನುಷ್ಯರ ತೀರ್ಮಾನವಿದೆ. ಇವನ್ನೆಲ್ಲ ಒಂದೇ "ವಿಧಿ"ಯ ಚೀಲಕ್ಕೆ ತುಂಬಿದರೆ ಯಾರನ್ನೂ ಪ್ರಶ್ನಿಸುವಂತಿಲ್ಲ.

ಮೆದುಳಿನ ಸಂಶೋಧನೆ ಸ್ವತಂತ್ರ ಇಚ್ಛೆ ಸುಳ್ಳೆಂದು ತೋರಿಸಿದೆ ಎಂಬ ಮಾತೂ ಹರಿದಾಡುತ್ತದೆ. ಬೆಂಜಮಿನ್ ಲಿಬೆಟ್ 1983ರಲ್ಲಿ ಕಂಡದ್ದು ಇಷ್ಟು: ಕೈ ಆಡಿಸಬೇಕು ಎಂಬ ಅರಿವು ಬರುವ ಸುಮಾರು ಮೂರನೇ ಒಂದು ಸೆಕೆಂಡಿಗೆ ಮೊದಲೇ ಮೆದುಳಿನಲ್ಲಿ ಚಟುವಟಿಕೆ ಶುರುವಾಗಿರುತ್ತದೆ. ಅದರ ಅರ್ಥವೇನೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಮಣಿಕಟ್ಟು ಆಡಿಸುವುದಕ್ಕೂ, ತಿಂಗಳುಗಟ್ಟಲೆ ಯೋಚಿಸಿ ಸಾಲ ತೆಗೆಯುವುದಕ್ಕೂ ಅಜಗಜಾಂತರ.

ಆತ್ಮಹತ್ಯೆಯ ವಿಷಯದಲ್ಲಿ "ಹಣೆಬರಹ" ಎನ್ನುವುದು ಎಷ್ಟು ತಪ್ಪೋ "ಅವನೇ ಮಾಡಿಕೊಂಡ" ಎನ್ನುವುದೂ ಅಷ್ಟೇ ತಪ್ಪು. ಖಿನ್ನತೆ ಮತ್ತು ಸಾಲದ ಒತ್ತಡದಲ್ಲಿ ಮನಸ್ಸಿಗೆ ಕಾಣುವ ದಾರಿಗಳೇ ಕಡಿಮೆಯಾಗುತ್ತವೆ. ಹಾಗಾಗಿ ನೆರವು ಬೇಗ ಸಿಗುವುದು ಮುಖ್ಯ. ರಾಜ್ಯ ಸರ್ಕಾರ ಇಂಥ ಕುಟುಂಬಗಳಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡುವ ಯೋಜನೆಯಲ್ಲಿ ನೋಡುವುದು ಉತಾರ ಮತ್ತು ಸಾಲದ ದಾಖಲೆಗಳನ್ನು. ಲಾವಣಿ ಹೊಲ ಮಾಡುವವರು, ಕೈಗಡ ತಂದವರು ಚೀಟಿ ಚಪಾಟಿಯನ್ನೂ ಜೋಪಾನ ಮಾಡಿಟ್ಟುಕೊಳ್ಳಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಮನೆಯಲ್ಲಿ ಯಾರಾದರೂ "ಇನ್ನು ಇದ್ದೇನು ಮಾಡಲಿ" ಎನ್ನತೊಡಗಿದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.